ಸೂಟಿಗೆ ಮುಂಚಿನ ಎರಡು ದಿನ

ಏಪ್ರಿಲ್ 10 ಎಂದರೆ ಶಾಲೆಗಳಲ್ಲಿ ಫಲಿತಾಂಶದ ದಿನ. ಮರುದಿನದಿಂದ ಬೇಸಿಗೆ ಸೂಟಿ. ಬೆಂಗಳೂರು, ಮೈಸೂರು ಕಡೆಯವರು ಅದನ್ನು ರಜೆ ಎನ್ನಬಹುದು. ಕಲಬುರಗಿಯ ಮಕ್ಕಳಿಗೆ ಅದು ಸೂಟಿಯೇ. ರಜೆ ಎಂದರೆ ಅಪ್ಪ ಅರ್ಜಿ ಹಾಕಿ ಸಾಹೇಬರಿಂದ ಕೇಳಿ ಪಡೆಯುವಂಥದು, ಸೂಟಿ ಎಂದರೆ ತಾನಾಗಿ ಬರುವಂಥದು!

ಆದರೆ ಕಲಬುರಗಿಯ ಸೂಟಿ ಬಿಸಿಲಿನ ಜೊತೆಗೇ ಬರುತ್ತದೆ. ಪಾದರಸ ನಲವತ್ತೆರಡು, ನಲವತ್ಮೂರು ಡಿಗ್ರಿಗೆ ಏರುವ ದಿನಗಳವು. ಸರ್ಕಾರಿ ಕಚೇರಿಗಳೇ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಹೀಗಾಗಿ ಅನುಕೂಲ ಇದ್ದವರು ದಕ್ಷಿಣಕ್ಕೆ ಮುಖ ಮಾಡುತ್ತಾರೆ. ಮೈಸೂರು, ಮಡಿಕೇರಿ, ಊಟಿ. ಅನುಕೂಲ ಇಲ್ಲದವರು ಬಾಗಿಲಿಗೆ ಹಸಿ ಚಾದರ ಕಟ್ಟಿಕೊಂಡು ಮಲಗುತ್ತಾರೆ.

ನಗರದ ಒಂದು ಮನೆಯ ಮಾತು ಇದು. ಹೆಸರು ಬೇಡ, ಇಂಥ ಮನೆಗಳು ಕಲಬುರಗಿಯಲ್ಲಿ ನೂರಾರು ಇವೆ. ತಂದೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಮಗಳು ಒಂಬತ್ತನೇ ತರಗತಿ ಮುಗಿಸಿದವಳು, ಮಗ ಐದನೆಯದು. ಮೈಸೂರಿಗೆ ಹೋಗುವ ಮಾತು ಮೂರು ವರ್ಷ ಹಳೆಯದು. ಒಂದು ಬೇಸಿಗೆ ತಂದೆಗೆ ಚುನಾವಣೆಯ ಕೆಲಸ ಬಿತ್ತು, ಇನ್ನೊಂದು ಬೇಸಿಗೆ ಮನೆಯಲ್ಲಿ ಕಾಯಿಲೆ. ಈ ಸಲ ಅರವತ್ತು ದಿನ ಮೊದಲೇ, ಬುಕಿಂಗ್ ತೆರೆದ ಬೆಳಿಗ್ಗೆಯೇ, ಬಸವ ಎಕ್ಸ್‌ಪ್ರೆಸ್ಸಿನಲ್ಲಿ ನಾಲ್ಕು ಸೀಟು ಸಿಕ್ಕಿವೆ. ಸೋಮವಾರ ಹೊರಡುವುದು, ಹತ್ತು ದಿನ ಬಿಟ್ಟು ಬರುವುದು.

ಶುಕ್ರವಾರ ಫಲಿತಾಂಶ ಬಂತು. ಮಗನದು ಚಿಂತೆಯಿಲ್ಲ. ಮಗಳು ಎಲ್ಲ ವಿಷಯಗಳಲ್ಲೂ ಮೇಲೆ, ಗಣಿತದಲ್ಲಿ ಮಾತ್ರ ಅಂಚಿಗೆ ಬಂದು ನಿಂತಿದ್ದಾಳೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ಶೇಕಡ 42.43 ಫಲಿತಾಂಶದೊಂದಿಗೆ ರಾಜ್ಯದಲ್ಲೇ ಕೊನೆಗೆ ನಿಂತಿತು. ಅದೇ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡಕ್ಕೆ ಶೇಕಡ 91.12. ಆ ಎರಡು ಅಂಕಿಗಳು ಈ ಭಾಗದ ಪಾಲಕರ ನಿದ್ದೆ ಕೆಡಿಸಿವೆ. ತಪ್ಪೂ ಅಲ್ಲ. ತಂದೆ ಶುಕ್ರವಾರ ಸಂಜೆಯೇ ಒಂದು ಟ್ಯೂಷನ್ ಕ್ಲಾಸಿಗೆ ಹೋಗಿ ‘ವೆಕೇಷನ್ ಬ್ಯಾಚ್’ ವಿಚಾರಿಸಿ ಬಂದ. ಬ್ಯಾಚು ಶುರುವಾಗುವುದು ಮುಂದಿನ ಶನಿವಾರ. ಅಂದರೆ ಮೈಸೂರಿನ ಹತ್ತು ದಿನ ನಾಲ್ಕಕ್ಕೆ ಇಳಿಯಬೇಕು. ಹೆಂಡತಿಗೆ ಹೇಳಿದ, ಮಗಳಿಗೆ ಹೇಳಲಿಲ್ಲ.

ತಾಯಿ ಬೇರೆ ಒಂದು ಸಂಗತಿ ಹಿಡಿದು ಕೂತಿದ್ದಳು. ಮಗನ ಉತ್ತರ ಪತ್ರಿಕೆಯಲ್ಲಿ ‘ನೀನು ನೋಡಿದ ಐತಿಹಾಸಿಕ ಸ್ಥಳ’ ಎಂಬ ಪ್ರಬಂಧ. ಹುಡುಗ ಮೈಸೂರು ಅರಮನೆ ಬರೆದಿದ್ದಾನೆ. ಒಂದು ತಪ್ಪೂ ಇಲ್ಲ, ಹತ್ತಕ್ಕೆ ಎಂಟು. ಮೈಸೂರನ್ನು ಅವನಿನ್ನೂ ನೋಡಿಯೇ ಇಲ್ಲ! ಮನೆಯಿಂದ ಆಟೋದಲ್ಲಿ ಹದಿನೈದು ನಿಮಿಷದ ಹಾದಿಯಲ್ಲಿರುವ ಕೋಟೆಯನ್ನೂ ನೋಡಿಲ್ಲ.

“ಶನಿವಾರ, ಐತವಾರ ಎರಡು ದಿನ ಅದಾವ. ಮೊದಲ ನಮ್ಮೂರು ತೋರಸ್ರಿ. ಆಮ್ಯಾಗ ಮೈಸೂರು,” ಎಂದಳು.

“ಅಡ್ಡಾಡಿದ್ರ ಮಾರ್ಕ್ಸ್ ಬರ್ತಾವೇನ?” ಎಂದ ತಂದೆ.

“ಮನ್ಯಾಗ ಕುಂತು ಮೊಬೈಲ್ ನೋಡಿದ್ರ ಬರ್ತಾವೇನ್ರಿ?”

ಉತ್ತರವಿಲ್ಲದ ಪ್ರಶ್ನೆ. ಎರಡನೇ ಶನಿವಾರ, ಕಚೇರಿಯ ನೆಪವೂ ಇರಲಿಲ್ಲ.

ಬೇಸಿಗೆಯಲ್ಲಿ ಕಲಬುರಗಿ ಸುತ್ತುವವರು ಒಂದು ಲೆಕ್ಕ ಇಟ್ಟುಕೊಳ್ಳಬೇಕು. ಬೆಳಿಗ್ಗೆ ಹತ್ತೂವರೆಯೊಳಗೆ ಮನೆ ಸೇರಬೇಕು, ಮತ್ತೆ ಹೊರಗೆ ಕಾಲಿಡುವುದು ಐದರ ಮೇಲೆ. ನಡುವಿನ ಹೊತ್ತು ಮಜ್ಜಿಗೆ, ಉಳ್ಳಾಗಡ್ಡಿ, ನಿದ್ದೆಗೆ. ಇದನ್ನು ಮರೆತು ಹನ್ನೆರಡಕ್ಕೆ ಕೋಟೆ ನೋಡಹೊರಟ ಮಕ್ಕಳು ಜನ್ಮದಲ್ಲಿ ಮತ್ತೆ ಕೋಟೆಯ ಹೆಸರು ಎತ್ತುವುದಿಲ್ಲ.

ಹಾಗಾಗಿ ಶನಿವಾರ ಬೆಳಿಗ್ಗೆಯೇ ನಾಲ್ವರೂ ಕೋಟೆಯೊಳಗಿದ್ದರು. ಅಲ್ಲಾವುದ್ದೀನ್ ಹಸನ್ 1347ರಲ್ಲಿ ಬಹಮನಿ ರಾಜ್ಯ ಕಟ್ಟಿದಾಗ ರಾಜಧಾನಿಯಾದದ್ದು ಈ ಊರು. ಮುಂದೆ ಅಹಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ಯುವವರೆಗೆ ದಖ್ಖನಿನ ದೊಡ್ಡ ಭಾಗಕ್ಕೆ ಇಲ್ಲಿಂದಲೇ ಆಜ್ಞೆ ಹೊರಡುತ್ತಿತ್ತು. ಪಠ್ಯಪುಸ್ತಕದಲ್ಲಿ ಇದಕ್ಕೆ ಸಿಕ್ಕಿರುವ ಜಾಗ ಕೆಲವೇ ಸಾಲು. ಕಂದಕದ ಅಂಚಿನಲ್ಲಿ ನಿಂತು ಗೋಡೆಯ ದಪ್ಪ ಕಂಡ ಹುಡುಗನಿಗೆ ಆ ಸಾಲುಗಳು ಏನು ಹೇಳುತ್ತಿದ್ದವೆಂದು ಸ್ವಲ್ಪ ತಿಳಿದಿರಬೇಕು. “ಇದರ ಮ್ಯಾಲ ಬಸ್ ಓಡಸಬಹುದು,” ಎಂದ. ಅವನ ಇತಿಹಾಸ ಅಷ್ಟಕ್ಕೇ ನಿಂತಿತು. ಸಾಕು.

ಬುರುಜಿನ ಮೇಲೆ ಬಾರಾ ಗಜಿ ತೋಪು. ಉದ್ದ 29 ಅಡಿ. ಜಗತ್ತಿನಲ್ಲೇ ಉದ್ದನೆಯ ತೋಪು ಇದೇ ಎಂದು ಊರವರ ಅಭಿಮಾನ. ಇದನ್ನು ಅಳೆಯುವ ಕೆಲಸ ಹುಡುಗನಿಗೆ ತಾನಾಗಿಯೇ ಹೊಳೆಯಿತು. ಹೆಜ್ಜೆ ಹಾಕಿ ಅಳೆದ, ಅಕ್ಕನ ಹೆಜ್ಜೆಗೂ ತನ್ನ ಹೆಜ್ಜೆಗೂ ತಾಳೆಯಾಗದೆ ಜಗಳವಾಡಿದ, ಕಡೆಗೆ ತೋಪನ್ನು ಮುಟ್ಟಿ ಕೈ ಹಿಂದೆಗೆದ. ಏಪ್ರಿಲ್ ತಿಂಗಳಲ್ಲಿ ಎಂಟೂವರೆಗೇ ಆ ಲೋಹ ಬಿಸಿ ಹಿಡಿದಿರುತ್ತದೆ.

ಆ ಬಿಸಿಯಿಂದ ತಪ್ಪಿಸಿಕೊಂಡು ಜಾಮಿಯಾ ಮಸೀದಿಯ ನೆರಳಿಗೆ ಬಂದವರಿಗೆ ಮೊದಲು ತಿಳಿಯುವುದು ಅಲ್ಲಿನ ತಂಪು. ಇದು ಕಟ್ಟಿದವನ ಬುದ್ಧಿವಂತಿಕೆ. ದೊಡ್ಡ ಮಸೀದಿಗಳಿಗೆ ಸಾಮಾನ್ಯವಾಗಿ ನಡುವೆ ತೆರೆದ ಅಂಗಳವಿರುತ್ತದೆ. 1367ರ ಈ ಮಸೀದಿಗೆ ಅಂಗಳವೇ ಇಲ್ಲ. ಇಡೀ ಕಟ್ಟಡಕ್ಕೆ ಸೂರು. ಮೂಲೆಗೊಂದು ಗುಮ್ಮಟ, ಪಶ್ಚಿಮಕ್ಕೆ ಒಂದು ದೊಡ್ಡದು, ನಡುವೆ ಸಾಲುಸಾಲಾಗಿ ಚಿಕ್ಕವು. ಹೊರಗೋಡೆಯ ಕಡೆ ಅಗಲವಾದ, ತಗ್ಗಾದ ಕಮಾನುಗಳು. ಗಾಳಿ ಬರುತ್ತದೆ, ಬಿಸಿಲು ಬರುವುದಿಲ್ಲ. ಕಟ್ಟಿದವನು ರಫಿ, ಪರ್ಷಿಯಾದ ಖಜ್ವೀನ್ ಊರಿನ ಮನೆತನದವನೆಂದು ಶಾಸನ ಹೇಳುತ್ತದೆ. ಕಾಂಕ್ರೀಟ್ ಪೆಟ್ಟಿಗೆಗಳನ್ನು ಕಟ್ಟಿ ಅದಕ್ಕೆ ಕೂಲರ್ ಜೋಡಿಸುವ ಇಂದಿನ ಕಲಬುರಗಿಯ ಎಂಜಿನಿಯರುಗಳು ಒಂದು ಮಧ್ಯಾಹ್ನ ಇಲ್ಲಿ ಬಂದು ಕೂತರೆ ನಷ್ಟವೇನೂ ಆಗದು.

ತಂದೆಗೆ ಅಳತೆ ಗೊತ್ತಿತ್ತು: 216 ಅಡಿ, 176 ಅಡಿ. “ಅಪ್ಪಾ, ಇದರಾಗ ನಮ್ಮ ಮನಿ ಎಷ್ಟು ಹಿಡಿತಾವ?” ಎಂದ ಹುಡುಗ. ಅವರ ಮನೆ ಮೂವತ್ತು ನಲವತ್ತರ ಸೈಟು. ತಂದೆ ಮೊಬೈಲಿಗೆ ಕೈ ಹಾಕುವಷ್ಟರಲ್ಲಿ ಕಂಬಕ್ಕೆ ಒರಗಿ ಕೂತಿದ್ದ ಮಗಳು ಅಂದಳು: “ಮೂವತ್ತೆರಡಕ್ಕ ಜರಾ ಕಮ್ಮಿ.” ಮೊಬೈಲು 38,016 ಚದರಡಿ ತೋರಿಸಿತು. ಮೂವತ್ತೆರಡು ಸೈಟಿಗೆ 38,400 ಬೇಕು. ತಂದೆ ಮಗಳ ಮುಖ ನೋಡಿದ. ಹೇಗೆ ಮಾಡಿದೆ ಎಂದು ಕೇಳಿದ್ದಕ್ಕೆ, “ಎರಡು ನೂರಾ ಹದಿನಾರಕ್ಕ ಮೂವತ್ತು ಏಳು ಸಲ ಹೋಗ್ತದ, ಒಂದು ನೂರಾ ಎಪ್ಪತ್ತಾರಕ್ಕ ನಲವತ್ತು ನಾಕೂ ಚಿಲ್ಲರೆ ಸಲ. ಉಳಿದದ್ದು ಅಂದಾಜು,” ಎಂದಳು. ಪರೀಕ್ಷೆಯಲ್ಲಿ ಅಂದಾಜಿಗೆ ಅಂಕವಿಲ್ಲ ಎಂಬುದು ಬೇರೆ ಮಾತು. ಆದರೆ ಅಂದಾಜು ಬಾರದವನಿಗೆ ಗಣಿತ ಬರುವುದು ಕಷ್ಟ ಎಂಬುದು ಯಾವ ಗಣಿತದ ಮಾಸ್ತರರನ್ನು ಕೇಳಿದರೂ ತಿಳಿಯುತ್ತದೆ.

ಇಲ್ಲಿ ಪಾಲಕರಿಗೆ ಒಂದು ಮಾತು ಹೇಳಲೇಬೇಕು. ಸುತ್ತಾಟಕ್ಕೆ ಕರೆದೊಯ್ದು, ಪ್ರತಿ ಕಲ್ಲಿನ ಮುಂದೆ ನಿಲ್ಲಿಸಿ ಇಸವಿ ಕೇಳಿ, ಮನೆಗೆ ಬಂದ ಮೇಲೆ ಎರಡು ಪುಟ ಬರೆಸುವ ತಂದೆತಾಯಂದಿರು ಇದ್ದಾರೆ. ಅಂಥವರ ಮಕ್ಕಳಿಗೆ ಕೋಟೆ ಎಂದರೆ ಇನ್ನೊಂದು ಪರೀಕ್ಷೆಯ ಕೊಠಡಿ. ಈ ತಂದೆ ಹಾಗೆ ಮಾಡಲಿಲ್ಲ. ಮಾಡುತ್ತಿದ್ದನೇನೋ, ಹೆಂಡತಿಯ ಕಣ್ಣು ತಡೆದಿರಬಹುದು.

ಕೋಟೆಯಿಂದ ಖ್ವಾಜಾ ಬಂದೇ ನವಾಜರ ದರ್ಗಾಕ್ಕೆ. ದಿಲ್ಲಿಯಲ್ಲಿದ್ದ ಈ ಸೂಫಿ ಸಂತರು ದಖ್ಖನಿಗೆ ಬಂದು ನೆಲೆಸಿದ್ದು ಫಿರೋಜ್ ಷಾ ಆಳುತ್ತಿದ್ದಾಗ, ತಮ್ಮ ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿ. ತೀರಿಕೊಂಡದ್ದು 1422ರಲ್ಲಿ. ಫಿರೋಜ್ ಷಾ ಸತ್ತದ್ದೂ ಅದೇ ವರ್ಷ. ಸಂತರ ದರ್ಗಾದಲ್ಲಿ ಇಂದಿಗೂ ಎಲ್ಲ ಜಾತಿಯವರ ನೂಕುನುಗ್ಗಲು. ಸುಲ್ತಾನನದು ಹಫ್ತ್ ಗುಂಬಜ್‌ನಲ್ಲಿ ದೊಡ್ಡ ಜೋಡಿ ಗುಮ್ಮಟ, ಅಲ್ಲಿ ಪಾರಿವಾಳಗಳು. ತಾಯಿ ಇದನ್ನು ಮಕ್ಕಳಿಗೆ ತೋರಿಸಿ ಏನೂ ಹೇಳದೆ ಸುಮ್ಮನಾದಳು. ಹತ್ತೂ ಕಾಲಾಗಿತ್ತು, ಮನೆಗೆ ಹೊರಟರು.

ಸಂಜೆಯದನ್ನು ಬೇಗ ಹೇಳಿ ಮುಗಿಸಬಹುದು. 1984ರಿಂದ ಇರುವ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಹೋಗಬೇಕೆಂದು ಹುಡುಗನ ಹಟ, ಶರಣಬಸವೇಶ್ವರ ಗುಡಿಗೆ ಹೋಗಬೇಕೆಂದು ತಾಯಿಯ ಹಟ. ಗುಡಿ ಗೆದ್ದಿತು. 1746ರಿಂದ 1822ರವರೆಗೆ ಬಾಳಿದ, ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ಗುಡಿ ಅದು. ದರ್ಶನವಾಯಿತು, ಅಪ್ಪನ ಕೆರೆಯ ದಂಡೆಯ ಗಾಳಿಯಾಯಿತು, ಮಿರ್ಚಿ ಭಜಿಯಾಯಿತು. 2009ರಲ್ಲಿ ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಉದ್ಘಾಟಿಸಿದ ಬುದ್ಧ ವಿಹಾರ ಪಟ್ಟಿಯಲ್ಲೇ ಉಳಿಯಿತು. ಎರಡು ದಿನದಲ್ಲಿ ಎಲ್ಲವನ್ನೂ ಮುಗಿಸುತ್ತೇವೆ ಎಂದು ಹೊರಟವರು ಏನನ್ನೂ ನೋಡುವುದಿಲ್ಲ. ಉಳಿದದ್ದು ಉಳಿಯಲಿ, ಊರು ಎಲ್ಲಿಗೂ ಓಡಿಹೋಗುವುದಿಲ್ಲ.

ಭಾನುವಾರ ಕಮಲಾಪುರ. ತಾಯಿಯ ತವರು ಅಲ್ಲಿ. ಹುಮನಾಬಾದ್ ರಸ್ತೆಯಲ್ಲಿ ಕಲಬುರಗಿಯಿಂದ ಸುಮಾರು ಮೂವತ್ತೈದು ಕಿಲೋಮೀಟರು. ಹಿಂದೆ ಕಲಬುರಗಿ ತಾಲ್ಲೂಕಿಗೆ ಸೇರಿದ್ದ ಊರು, ಈಗ ತಾನೇ ತಾಲ್ಲೂಕು ಕೇಂದ್ರ. 2017ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ಪೂರ್ತಿಯಾದ ಮೇಲೆ ಇಲ್ಲಿ ರೈಲೂ ನಿಲ್ಲುತ್ತದೆ. ಮುಂದೆ ಮರಗುತ್ತಿ ಬಳಿ ಗುಡ್ಡ ಕೊರೆದು ಮಾಡಿದ ಸುರಂಗವಿದೆ. ಆದರೆ ಇವರು ಹೊರಟದ್ದು ಬಸ್ಸಿಗೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ತಾಯಿಗೂ ಮಗಳಿಗೂ ಸೊನ್ನೆ ರೂಪಾಯಿಯ ಚೀಟಿ, ಮಗನಿಗೆ ಅರ್ಧ. ಮನೆಯ ಯಜಮಾನನೊಬ್ಬನೇ ಪೂರ್ತಿ ದುಡ್ಡು ಎಣಿಸಿದ.

ಕಿಟಕಿಯ ಬಳಿ ಕೂತವರು ಗಮನಿಸಬೇಕಾದದ್ದು ಮಣ್ಣು. ಕಲಬುರಗಿಯ ಸುತ್ತ ಎರೆಭೂಮಿ, ಕಪ್ಪು. ತೊಗರಿಯ ನೆಲ ಅದು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೇಸಿಗೆಯಲ್ಲಿ ಆ ನೆಲ ಬಿರಿದು ಬಾಯಿಬಿಟ್ಟಿರುತ್ತದೆ. ಕಮಲಾಪುರದ ಕಡೆ ಸಾಗಿದಂತೆ ನೆಲ ಏರಿಳಿಯತೊಡಗುತ್ತದೆ, ಅಲ್ಲಲ್ಲಿ ಕೆಂಪು ಕಾಣುತ್ತದೆ. ಈ ತಾಲ್ಲೂಕಿನ ಹೊಳಕುಂದಾದಲ್ಲಿ ಬಹಮನಿ ಕಾಲದ ಗೋರಿಗಳ ಒಂದು ಗುಂಪೇ ಇದೆ. ಹೆದ್ದಾರಿಯಲ್ಲಿ ಹೋಗುವ ಲಾರಿ, ಬಸ್ಸುಗಳ ಜನ ನೋಡುತ್ತಾರೆ, ಇಳಿಯುವವರು ಕಡಿಮೆ.

ಕಮಲಾಪುರದ ಹೆಸರು ಹೊರಗಿನವರಿಗೆ ಗೊತ್ತಿರುವುದು ಕೆಂಪು ಬಾಳೆಯಿಂದ. ಇದಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ. ಶ್ರೀಮಂತರ ಬಾಳೆ ಎಂಬ ಅಡ್ಡಹೆಸರೂ ಇದೆ, ಬೆಲೆ ಹೆಚ್ಚಾದ್ದರಿಂದ. ಮುತ್ಯಾನ ತೋಟದಲ್ಲಿ ಮೊದಲು ಮೋಸಹೋದವನು ಹುಡುಗ. ಕೆಂಪಗಿರುವುದನ್ನು ಕಂಡು ಹಣ್ಣೆಂದು ಕಿತ್ತ, ಕಚ್ಚಿದ, ಉಗುಳಿದ. ಈ ಬಾಳೆ ಕಾಯಿಯಾಗಿದ್ದಾಗಲೇ ಕಡುಗೆಂಪು. ಹಣ್ಣಾದಾಗ ಸಿಪ್ಪೆಗೆ ಕಿತ್ತಳೆಯ ಛಾಯೆ ಬರುತ್ತದೆ, ಒಳಗೆ ಕೆನೆಬಣ್ಣ. ಹಸಿರು ಹೋಗಿ ಹಳದಿ ಬಂತೇ ಎಂದು ನೋಡುವ ಪಟ್ಟಣದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗಿಡದ ದಿಂಡಿಗೂ ಕೆಂಪು ಛಾಯೆ. ಎತ್ತರಕ್ಕೆ ಬೆಳೆಯುತ್ತದೆ, ಗಾಳಿಗೆ ಬೀಳದಂತೆ ಊರುಗೋಲು ಕೊಡಬೇಕು.

ಆದರೆ ಅರ್ಧ ತೋಟ ಬಯಲಾಗಿತ್ತು. ತಾಯಿ ನಿಂತುಬಿಟ್ಟಳು. “ಯಪ್ಪಾ, ಇಲ್ಲಿದ್ದ ಬಾಳಿ ಎಲ್ಲಿ ಹೋತು?”

“ತಗಸೀನವ್ವ. ಉಳಿದದ್ದೂ ಗೊನಿ ಇಳಿದ ಮ್ಯಾಲ ತಗಸೂದೆ,” ಎಂದ ಮುತ್ಯಾ. ಅಳಿಯನ ಕಡೆ ತಿರುಗಿ, “ಏನ್ ಮಾಡೂದ್ರಿ ಅಳಿಯಂದ್ರ, ಹದಿನೆಂಟು ತಿಂಗಳು ಕೂಸಿನಂಗ ಸಾಕಬೇಕು. ಬ್ಯಾರೆ ಬಾಳಿ ಒಂದು ವರ್ಷಕ್ಕ ಕೈಗೆ ಬರ್ತದ,” ಎಂದ.

“ಇದರ ರೇಟ್ ಹೆಚ್ಚಲ್ರಿ ಮಾವಾ?” ಎಂದ ಅಳಿಯ.

“ಹೆಚ್ಚದರಿ. ಆದ್ರ ಕೈಯಾಗ ಉಳಿಯಾಂಗಿಲ್ಲ. ಯಾಕ ಉಳಿಯಾಂಗಿಲ್ಲ ಅಂತ ನನಗ ಬಿಡಿಸಿ ಹೇಳಾಕ ಬರಾಂಗಿಲ್ಲ.”

ಮಗಳು ಬದುವಿನ ಮೇಲೆ ಕೂತು ಕಡ್ಡಿಯಿಂದ ಮಣ್ಣಿನಲ್ಲಿ ಗೀಚುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: “ಮುತ್ಯಾ, ಹದಿನೆಂಟು ಅಂದ್ರ ಹನ್ನೆರಡರ ಒಂದೂವರೆ ಪಟ್ಟು. ಒಂದೂವರೆ ಪಟ್ಟು ರೇಟ್ ಬಂದ್ರ ಬ್ಯಾರೆ ಬಾಳಿಗಿ ಸಮಾ ಆಗ್ತದ ಅಷ್ಟೇ, ಲಾಭ ಅಲ್ಲ. ಮೂರು ವರ್ಷಕ್ಕ ಅದು ಮೂರು ಸಲ, ಇದು ಎರಡೇ ಸಲ. ಕೋಲಿನ ಖರ್ಚು, ಆರು ತಿಂಗಳು ಹೆಚ್ಚಿನ ನೀರಿನ ಖರ್ಚು ಬ್ಯಾರೆ. ಗಾಳಿಗೆ ಬಿದ್ದದ್ದು ಬ್ಯಾರೆ. ಒಂದೂವರೆಕಿಂತ ಎಷ್ಟು ಹೆಚ್ಚು ಬರ್ತದ, ಅದು ಹೇಳು.”

ಮುತ್ಯಾ ನಕ್ಕ. “ಅದನ್ನೇ ನೋಡವ್ವ ನಾ ಹೇಳಾಕ ಹೋದದ್ದು.”

ಭೌಗೋಳಿಕ ಗುರುತು ಹೆಸರನ್ನು ಕಾಯುತ್ತದೆ. ಬೇರೆ ಊರಿನ ಬಾಳೆಗೆ ಕಮಲಾಪುರದ ಹೆಸರಿಟ್ಟು ಮಾರುವಂತಿಲ್ಲ, ಅಷ್ಟೇ. ಬೆಲೆಯನ್ನು ಕಾಯುವುದಿಲ್ಲ, ನೀರನ್ನೂ ತರುವುದಿಲ್ಲ. ಕಮಲಾಪುರದ ಕೆಂಪು ಬಾಳೆಯ ತೋಟಗಳು ಕುಗ್ಗುತ್ತಿರುವುದಕ್ಕೆ ಕಾರಣ ಕೇಳಿದವರಿಗೆ ಒಂಬತ್ತನೇ ತರಗತಿಯ ಹುಡುಗಿಯ ಆ ಮಣ್ಣಿನ ಲೆಕ್ಕ ಬಹಳ ಮಟ್ಟಿಗೆ ಉತ್ತರ. ಊರ ಹಣ್ಣಿನ ಬಗ್ಗೆ ಹೆಮ್ಮೆಯ ಮಾತಾಡುವ ಪಟ್ಟಣಿಗರು ಡಜನ್ನಿಗೆ ಹತ್ತು ರೂಪಾಯಿ ಕಮ್ಮಿ ಮಾಡಪ್ಪ ಎಂದು ಚೌಕಾಸಿಗೆ ನಿಲ್ಲುವುದೂ ಆ ಲೆಕ್ಕದೊಳಗೇ ಸೇರಬೇಕು.

ಮಧ್ಯಾಹ್ನ ಆಯಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮಾವಿನ ಸೀಕರಣಿ ಬಡಿಸಿದಳು. ಮೈಸೂರಿಗೆ ಹೊರಟಿದ್ದಾರೆಂದು ಕೇಳಿ ಮುತ್ಯಾ ಒಂದು ಕೆಲಸ ಒಪ್ಪಿಸಿದ. ನಂಜನಗೂಡು ಅಲ್ಲಿಗೆ ಹತ್ತಿರ. ಅಲ್ಲಿಯ ರಸಬಾಳೆಯ ಹೆಸರು ಅವನು ಕೇಳಿದ್ದಾನೆ. ಅದಕ್ಕೂ ಭೌಗೋಳಿಕ ಗುರುತಿದೆ. ಅಲ್ಲಿ ತೋಟಗಳನ್ನು ಬಯಲು ಮಾಡಿದ್ದು ಪನಾಮಾ ಸೊರಗು ರೋಗ. “ಪ್ಯಾಟಿಯಾಗ ಅದು ಸಿಗ್ತದೇನು, ಏನ್ ರೇಟ್ ಅದ, ಬೆಳಿಯೋವ್ರು ಯಾರಾದ್ರೂ ಸಿಕ್ರ ಹ್ಯಾಂಗ ಉಳಿಸ್ಯಾರ ಕೇಳ್ಕೊಂಡು ಬಾ,” ಎಂದು ಮೊಮ್ಮಗಳಿಗೆ ಹೇಳಿದ. ಅಳಿಯನಿಗೆ ಹೇಳಲಿಲ್ಲ. ಅವಳು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಂಡಳು.

ಸಂಜೆ ಬಸ್ಸು ಹತ್ತಿದಾಗ ಸೀಟಿನ ಕೆಳಗೆ ಒಂದು ಚಿಪ್ಪು ಕೆಂಪು ಬಾಳೆ. ಇನ್ನೂ ಗಟ್ಟಿ, ದಾರಿಯಲ್ಲಿ ಹಣ್ಣಾಗುತ್ತದೆಂದು ಆಯಿಯ ಲೆಕ್ಕ. ಮಗ ತಾಯಿಯ ತೊಡೆಯ ಮೇಲೆ ನಿದ್ದೆಹೋದ. ಮಹಾಗಾಂವ್ ಕ್ರಾಸ್ ದಾಟಿದ ಮೇಲೆ ತಂದೆ ಮಗಳಿಗೆ ವೆಕೇಷನ್ ಬ್ಯಾಚಿನ ಸಂಗತಿ ಹೇಳಿದ. ನಾಲ್ಕು ದಿನಕ್ಕೆ ಮರಳಬೇಕಾದೀತು ಎಂದೂ ಹೇಳಿದ. ಅವಳು ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದಳು. ಆಮೇಲೆ, “ನಾಕು ದಿನದಾಗ ನಂಜನಗೂಡಿಗೆ ಹೋಗೂದಾಗಂಗಿಲ್ಲ,” ಎಂದಳು. ಬೇರೇನೂ ಅನ್ನಲಿಲ್ಲ. ಸಿಟ್ಟಾದರೆ ಸಮಾಧಾನ ಮಾಡಬಹುದಿತ್ತು.

ಗಣಿತ ಅವಳಿಗೆ ಬರುತ್ತದೆ, ಪರೀಕ್ಷೆಯ ಗಣಿತ ಬರುವುದಿಲ್ಲ ಎಂಬುದು ತಂದೆಗೆ ಎರಡು ದಿನದಲ್ಲಿ ಗೊತ್ತಾಗಿತ್ತು. ಹಾಗೆಂದು ಟ್ಯೂಷನ್ ಬೇಡವೆಂದಲ್ಲ. ಹಂತ ಹಂತವಾಗಿ ಬರೆಯುವುದನ್ನು ಯಾರಾದರೂ ಕಲಿಸಲೇಬೇಕು, ಮುಂದಿನ ಮಾರ್ಚ್ ಯಾರಿಗೂ ಕಾಯುವುದಿಲ್ಲ. ಕಲಬುರಗಿಯಲ್ಲಿ ಇಳಿದ ಮೇಲೆ ತಂದೆ ಹೆಂಡತಿ ಮಕ್ಕಳನ್ನು ಆಟೋಗೆ ಹತ್ತಿಸಿ, ತಾನು ನಿಂತು ಟ್ಯೂಷನ್ನಿನವರಿಗೆ ಫೋನ್ ಮಾಡಿದ. ಒಂದು ವಾರ ತಡವಾಗಿ ಸೇರಬಹುದೇ ಎಂದು ಕೇಳಿದ.

ಸೇರಬಹುದು, ಆದರೆ ಫೀ ಕಮ್ಮಿ ಮಾಡಲಾಗದು ಎಂದರು.

“ಆಗ್ಲಿ ಬಿಡ್ರಿ,” ಎಂದ. ಆಟೋದಲ್ಲಿ ಹುಡುಗ ಎಚ್ಚರಾಗಿ, ನಾಳೆ ಬೆಳಿಗ್ಗೆಯಾದರೂ ವಿಜ್ಞಾನ ಕೇಂದ್ರಕ್ಕೆ ಹೋಗೋಣವೇ ಎಂದು ಕೇಳುತ್ತಿದ್ದ.